ಒಂದು ವಿಶ್ವವಿದ್ಯಾಲಯದ ವಂಶವೃಕ್ಷ

ನನ್ನ ಮೇಜಿಗೆ ಯಾವ ಸರ್ಟಿಫಿಕೇಟು ಬಂದರೂ ಮೊದಲು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ, ಆಮೇಲೆ ತಂದವರ ಮುಖ ನೋಡುತ್ತೇನೆ. ಮಂಗಳೂರಿನ ಉರ್ವ ಮಾರ್ಕೆಟಿನ ಹತ್ತಿರ ಹೊಲಿಗೆ ಅಂಗಡಿಯ ಮೇಲಿನ ಕೋಣೆ ನನ್ನ ಕಚೇರಿ. ಗಲ್ಫಿಗೆ ಹೋಗುವವರ ಕಾಗದಪತ್ರ ಸರಿಮಾಡಿ, ನೋಟರಿ, ಬೆಂಗಳೂರು, ದಿಲ್ಲಿ, ರಾಯಭಾರ ಕಚೇರಿ ಎಂದು ಒಂದೊಂದೇ ಮೊಹರು ಹಾಕಿಸಿ ಕೊಡುವುದು ಕೆಲಸ. ಖೋಟಾ ಸರ್ಟಿಫಿಕೇಟು ಎಷ್ಟು ಕಂಡಿದ್ದೇನೆಂದರೆ, ಅಸಲಿ ಬಂದರೂ ಮೊದಲು ಅನುಮಾನವೇ. ಅದು ಕಸುಬಿನ ಗುಣ ಎಂದೇ ನಾನು ತಿಳಿದಿದ್ದೆ.

ಜನವರಿ ಕೊನೆಯ ಒಂದು ಸೋಮವಾರ ಬೆಳಿಗ್ಗೆ ಹೊಳೆಯಾಚೆಯ ಬೆಂಗ್ರೆಯಿಂದ ತಂದೆ ಮಗಳು ಬಂದರು. ತಂದೆ ಮೀನುಗಾರಿಕೆ ಬೋಟಿನ ತಂಡೇಲ, ಅಂದರೆ ಕಡಲಿನಲ್ಲಿ ಬೋಟು ಅವರ ಮಾತಿನಂತೆ ನಡೆಯುತ್ತದೆ. ಮಗಳಿಗೆ ಇಪ್ಪತ್ತೆಂಟರ ಪ್ರಾಯ. ಚೀನಾದ ಒಂದು ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಹಡಗು ವಿನ್ಯಾಸದ ಎಂಜಿನಿಯರಿಂಗ್ ಓದಿದವಳು, ಅದೂ ಅವರದೇ ಸ್ಕಾಲರ್‌ಶಿಪ್ಪಿನಲ್ಲಿ. ಊರಿಗೆ ಬಂದು ಬೆಂಗ್ರೆಯ ಬೋಟ್ ಯಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಈಗ ಗಲ್ಫಿನ ದೊಡ್ಡ ಶಿಪ್‌ಯಾರ್ಡ್ ಒಂದರ ವಿನ್ಯಾಸ ವಿಭಾಗಕ್ಕೆ ಆಯ್ಕೆಯಾಗಿದ್ದಳು.

"ಆಂಟಿ, ಇದು ನೋಡಿ," ಎಂದು ಫೋನು ನನ್ನ ಮುಂದಿಟ್ಟಳು.

ಶಿಪ್‌ಯಾರ್ಡಿನ ಪರವಾಗಿ ಸರ್ಟಿಫಿಕೇಟು ಪರಿಶೀಲಿಸುವ ಕಂಪನಿಯ ಪತ್ರ. ಪದವಿಪತ್ರದಲ್ಲಿ ಹೆಸರಿಸಿದ ಸಂಸ್ಥೆ ಅಸ್ತಿತ್ವದಲ್ಲಿಲ್ಲ, ಹದಿನೈದು ಕೆಲಸದ ದಿನಗಳೊಳಗೆ ಸರಿಯಾದ ವಿವರಣೆ ಬಾರದಿದ್ದರೆ ದಾಖಲೆಯನ್ನು ಸಂಶಯಾಸ್ಪದ ಎಂದು ನಮೂದಿಸುತ್ತೇವೆ ಎಂದಿತ್ತು. ಈ ಒಂದು ಕೆಲಸ ಹೋಗುವುದು ಸಣ್ಣ ನಷ್ಟ. ಆ ಕಂಪನಿಯ ಕಂಪ್ಯೂಟರಿನಲ್ಲಿ ಒಮ್ಮೆ 'ಸಂಶಯಾಸ್ಪದ' ಎಂದು ಬಿದ್ದರೆ ಅದು ಇಡೀ ಗಲ್ಫಿನಲ್ಲಿ ಬೆನ್ನ ಹಿಂದೆಯೇ ಬರುತ್ತದೆ. ಹುಡುಗಿಗೆ ಅದು ಗೊತ್ತಿತ್ತು. ತಂದೆಗೆ ಗೊತ್ತಾದದ್ದು ನನ್ನ ಮುಖ ನೋಡಿ.

ಅವಳ ಹತ್ತಿರ ಕೆಂಪು ರಟ್ಟಿನ ಎರಡು ಪತ್ರಗಳಿದ್ದವು. ಚೀನಾದಲ್ಲಿ ಓದು ಮುಗಿಸಿದ್ದಕ್ಕೆ ಒಂದು, ಪದವಿ ಸಿಕ್ಕಿದ್ದಕ್ಕೆ ಇನ್ನೊಂದು. ನಮ್ಮವರು ಒಂದನ್ನೇ ತಂದು ಸಿಕ್ಕಿಬೀಳುವುದುಂಟು. ಇವಳು ಎರಡನ್ನೂ ಜೋಪಾನ ಮಾಡಿದ್ದಳು. ಎರಡನ್ನೂ ಬೆಳಕಿಗೆ ಹಿಡಿದೆ. ಫೋಟೋದ ಮೂಲೆಯ ಮೇಲೆ ಒತ್ತಿದ ಅಚ್ಚು ಬೆರಳಿಗೆ ಸಿಗುತ್ತಿತ್ತು. ಎಲ್ಲ ಸರಿ ಇತ್ತು. ಆದರೂ ಕಾಲೇಜಿನ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ತೆರೆಯದ ಪುಟವೊಂದೇ ಬಂತು.

"ಈಗ ಆ ಹೆಸರು ಇಲ್ಲ ಆಂಟಿ. ನಾನು ಬಂದ ಮೇಲೆ ಬೇರೆ ಎರಡು ಕಾಲೇಜು ಸೇರಿಸಿ ಯುನಿವರ್ಸಿಟಿ ಮಾಡಿದ್ದಾರೆ. ಹೆಸರು ಚೇಂಜ್ ಆಗಿದೆ. ಅಷ್ಟೇ."

ಅಷ್ಟೇ ತಾನೆ ಎಂದು ನನಗೂ ಅನಿಸಿತು. ಹೆಸರು ಎರಡಾಗುವ ತೊಂದರೆ ನನಗೆ ಹೊಸತಲ್ಲ. ನಮ್ಮ ಕೊಂಕಣಿ ಕ್ರಿಸ್ತುವರಲ್ಲಿ ಇಗರ್ಜಿಯ ದಾಖಲೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ತುಳುವರಲ್ಲಿ ಮನೆತನದ ಹೆಸರು ಒಮ್ಮೆ ಹಿಂದೆ, ಒಮ್ಮೆ ಮುಂದೆ, ಒಮ್ಮೆ ಮಾಯ. ಇದಕ್ಕೆಲ್ಲ ನನ್ನಲ್ಲಿ ಒಂದೇ ಮದ್ದು: ಈ ಎರಡು ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್. ಅದನ್ನು ಎಷ್ಟು ಸಲ ಬರೆದಿದ್ದೇನೆಂದರೆ ನಿದ್ದೆಯಲ್ಲೂ ಟೈಪ್ ಮಾಡಿಯೇನು. ಅವತ್ತೂ ಹಾಗೆಯೇ ಟೈಪ್ ಮಾಡಿದೆ. ಹಳೆ ಹೆಸರಿನ ಕಾಲೇಜು ಮತ್ತು ಹೊಸ ಹೆಸರಿನ ವಿಶ್ವವಿದ್ಯಾಲಯ ಎರಡೂ ಒಂದೇ ಎಂದು ಈ ಹುಡುಗಿ ಪ್ರಮಾಣ ಮಾಡಿ ಹೇಳುತ್ತಾಳೆ ಎಂದು ಬರೆದು, ಛಾಪಾಕಾಗದದಲ್ಲಿ ಮುದ್ರಿಸಿ, ನೋಟರಿಯ ಸಹಿ ಹಾಕಿಸಿ, ನಾಲ್ಕನೆಯ ದಿನಕ್ಕೆ ಕಳುಹಿಸಿಯೇಬಿಟ್ಟೆ.

ಆರನೆಯ ದಿನ ಉತ್ತರ ಬಂತು. ಇಂಥ ಪ್ರಮಾಣ ಮನುಷ್ಯರಿಗೆ ಅನ್ವಯಿಸುತ್ತದೆ, ಸಂಸ್ಥೆಗಳಿಗಲ್ಲ. ಅಲ್ಲದೆ ತಾನು ಓದಿದ ಸಂಸ್ಥೆ ಉಂಟು ಎನ್ನುವುದಕ್ಕೆ ಸಂಶಯಕ್ಕೊಳಗಾದ ಅಭ್ಯರ್ಥಿಯೇ ಸಾಕ್ಷಿಯಾಗುವಂತಿಲ್ಲ. ಇಷ್ಟು ಬರೆದು, ಈ ಅಫಿಡವಿಟ್ ಅನ್ನೂ ಕಡತಕ್ಕೆ ಸೇರಿಸಿದ್ದೇವೆ ಎಂದಿದ್ದರು. ಅಂದರೆ ಹುಡುಗಿಯ ಮೇಲಿನ ಅನುಮಾನಕ್ಕೆ ನಾನೇ ಒಂದು ಹೆಚ್ಚಿನ ಕಾಗದ ಒದಗಿಸಿದ್ದೆ. ನನಗೆ ನನ್ನ ಮೇಲೆಯೇ ಸಿಟ್ಟು ನೆತ್ತಿಗೇರಿತು.

ಅದೇ ದಿನ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಇಮೇಲ್ ಮಾಡಿದೆವು. ಒಂದೇ ನಿಮಿಷದಲ್ಲಿ ಉತ್ತರ ಬಂತೆಂದು ಖುಷಿಪಟ್ಟರೆ ಅದು ಯಂತ್ರದ ಉತ್ತರ: ಚೀನೀ ಪಂಚಾಂಗದ ಹೊಸ ವರ್ಷದ ರಜೆ, ಕಚೇರಿ ತೆರೆಯುವುದು ಇಂಥ ದಿನ. ಲೆಕ್ಕ ಹಾಕಿದರೆ ನಮ್ಮ ಗಡುವು ಮುಗಿದು ಮೂರು ದಿನಕ್ಕೆ ಅವರ ಬಾಗಿಲು ತೆರೆಯುತ್ತಿತ್ತು. ಅಲ್ಲಿನ ಸರ್ಕಾರದ ಪದವಿ ಪರಿಶೀಲನೆಯ ವೆಬ್‌ಸೈಟಿನಲ್ಲಿ ಅವಳು ಹಿಂದೆಯೇ ಪ್ರಯತ್ನಿಸಿದ್ದಳು. ಅದು ಚೀನಾದ ಮೊಬೈಲ್ ನಂಬರೇ ಬೇಕೆಂದು ಹಠ ಹಿಡಿದಿತ್ತು. ಕ್ಲಾಸಿನವರು, ಮೇಷ್ಟ್ರುಗಳು ಎಲ್ಲ ಇದ್ದದ್ದು ಆ ದೇಶದ ಒಂದು ಮೆಸೇಜ್ ಆ್ಯಪಿನಲ್ಲಿ. ಆ ಆ್ಯಪು ನಮ್ಮಲ್ಲಿ ಬಂದ್ ಆದ ದಿನ ನಾಲ್ಕು ವರ್ಷದ ಗೆಳೆತನವೂ ಬಂದ್ ಆಗಿತ್ತು.

ಮರುದಿನ ತಂಡೇಲರು ಒಬ್ಬರೇ ಬಂದರು. ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ಜನ. ಎಷ್ಟು ಹೇಳಿದರೂ ಕುರ್ಚಿಯ ತುದಿಯಲ್ಲೇ ಕೂರುವುದು.

"ಬಾಯಮ್ಮ, ಗಲ್ಫಿಗೆ ಜನ ಕಳಿಸುವ ಏಜೆಂಟ್ ಒಬ್ಬ ಒಂದು ದಾರಿ ಹೇಳ್ತಾನೆ. ಚೀನಾದ ಡಿಗ್ರಿ ತೋರಿಸುದೇ ಬೇಡ ಅಂತೆ. ಪಿಯುಸಿ ಉಂಟಲ್ವಾ, ಯಾರ್ಡಿನ ಅನುಭವ ಉಂಟು. ಡ್ರಾಫ್ಟ್ಸ್‌ಮನ್ ಅಂತ, ಬರೀ ನಕ್ಷೆ ಬರೆಯುವ ಕೆಲಸಕ್ಕೆ ಹೋಗ್ಲಿ, ವೀಸಾ ಬೇಗ ಆಗ್ತದಂತೆ."

"ಮಗಳು ಎಂತ ಹೇಳ್ತಾಳೆ?"

"ಅವಳು ನನ್ನತ್ರ ಎರಡು ದಿನದಿಂದ ಮಾತಾಡುದಿಲ್ಲ." ದನಿ ತಗ್ಗಿಸಿದರು. "ನೀವು ಇಂಥದ್ದೆಲ್ಲ ನೋಡುವವರು. ನನ್ನತ್ರ ಸತ್ಯ ಹೇಳಿ. ಅದು ಒಳ್ಳೆ ಸರ್ಟಿಫಿಕೇಟಾ? ನಾನು ಆ ಕಾಲೇಜು ನೋಡ್ಲಿಲ್ಲ. ಅವಳು ಹೇಳಿದ್ದು, ನಾನು ನಂಬಿದ್ದು. ಬೆಂಗ್ರೆ ಇಡೀ ಹೇಳಿಕೊಂಡು ಬಂದಿದ್ದೇನೆ ಮಗಳು ಶಿಪ್ ಎಂಜಿನಿಯರ್ ಅಂತ."

ಒಳ್ಳೆಯದೇ ಎಂದು ಕೂಡಲೇ ಹೇಳಬೇಕಿತ್ತು. ನಾನು ಹೇಳಿದ್ದು, "ನೋಡುವ ತಂಡೇಲರೇ." ಆ ಮನುಷ್ಯ ತಲೆಯಾಡಿಸಿ ಎದ್ದು ಹೋದರು. ಆ ಎರಡು ಶಬ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮಧ್ಯಾಹ್ನವೇ ಹುಡುಗಿಗೆ ಫೋನ್ ಮಾಡಿ, ಕಾಲೇಜಿಗೆ ಸಂಬಂಧಪಟ್ಟ ಏನೆಲ್ಲ ಉಂಟೋ ಎಲ್ಲವನ್ನೂ ತಾ ಎಂದೆ. ಮರುದಿನ ತಂದಳು: ಹಾಸ್ಟೆಲಿನ ಕಾರ್ಡು, ಲೈಬ್ರರಿಯ ಚೀಟಿಗಳು, ವರ್ಕ್‌ಶಾಪಿನ ಅಂಕಪಟ್ಟಿ, ಮತ್ತೆ ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ಪುಸ್ತಕ. ಕಾಲೇಜಿನ ಯಾವುದೋ ಹಳೆ ವಾರ್ಷಿಕೋತ್ಸವಕ್ಕೆ ಅಚ್ಚು ಹಾಕಿಸಿದ ಇತಿಹಾಸ. ಊರಿಗೆ ಹೊರಡುವಾಗ ಅವಳ ಗುರುಗಳು ತಮ್ಮದೇ ಪ್ರತಿ ಕೊಟ್ಟಿದ್ದರಂತೆ. ಪೂರ್ತಿ ಚೀನೀ ಭಾಷೆ. ತಂಡೇಲರೂ ಹಿಂದೆಯೇ ಬಂದು ಮೂಲೆಯಲ್ಲಿ ಕೂತರು. ಬೋಟು ಕಡಲಿಗೆ ಇಳಿಯದ ದಿನ.

"ಓದು ಮಗಾ. ನೀನು ಓದಿ ಹೇಳು, ನಾನು ಇಂಗ್ಲಿಷಿನಲ್ಲಿ ಬರೀತೇನೆ. ಮೊದಲಿಂದ."

ಎರಡು ದಿನ ಹೀಗೆ ಕೂತೆವು. ಅವಳು ಚೀನೀ ಓದಿ ತುಳುವಿನಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು. ಗಡುವಿನ ಹೆದರಿಕೆಯಲ್ಲಿ ಶುರುಮಾಡಿದ ಕೆಲಸ. ಮೊದಲ ದಿನದ ಮಧ್ಯಾಹ್ನಕ್ಕೆ ನಾನು ಊಟದ ಡಬ್ಬಿ ತೆರೆಯುವುದನ್ನೂ ಮರೆತಿದ್ದೆ.

ಕಾಲೇಜು ಹುಟ್ಟಿದ್ದು ಅರಸರ ಕಾಲದ ಕೊನೆಗೆ, ಒಂದು ದೊಡ್ಡ ನದಿಯ ಬಂದರಿನಲ್ಲಿ. ಹಬೆಯ ದೋಣಿಗಳು ಬಂದಿದ್ದವು, ಕೆಟ್ಟರೆ ರಿಪೇರಿ ಮಾಡುವವರು ಊರಿನಲ್ಲಿ ಇರಲಿಲ್ಲ. ಒಬ್ಬ ಅಧಿಕಾರಿ ಹಾಳುಬಿದ್ದ ಉಗ್ರಾಣದಲ್ಲಿ ಶಾಲೆ ತೆರೆದ. ಪಠ್ಯಪುಸ್ತಕ ಇರಲಿಲ್ಲ. ಕೆಟ್ಟು ನಿಂತ ಒಂದು ಎಂಜಿನನ್ನು ತಂದಿಟ್ಟು, ವರ್ಷವಿಡೀ ಅದನ್ನೇ ಬಿಚ್ಚುವುದು, ಚಿತ್ರ ಬರೆಯುವುದು, ಮತ್ತೆ ಜೋಡಿಸುವುದು. ಬಡಗಿಗಳ, ದೋಣಿಯವರ ಮಕ್ಕಳೇ ಮೊದಲ ವಿದ್ಯಾರ್ಥಿಗಳು. ಇವಳ ಕಾಲದಲ್ಲೂ ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಒಂದು ಹಳೆ ಎಂಜಿನ್ ಬಿಚ್ಚಿ ಜೋಡಿಸಬೇಕಿತ್ತಂತೆ. "ಒಂದು ನಟ್ ಉಳಿದ್ರೂ ಫೇಲ್ ಆಂಟಿ," ಎಂದಳು.

ಶಾಲೆ ಬೆಳೆದು ಕಾಲೇಜಾಯಿತು. ಆಮೇಲೆ ಯುದ್ಧ ಬಂತು. ಬಾಂಬು ಬೀಳುವ ಊರಿನಲ್ಲಿ ಇರುವಂತಿಲ್ಲ. ಮೇಷ್ಟ್ರುಗಳು, ವಿದ್ಯಾರ್ಥಿಗಳು ಸೇರಿ ಲೇತ್ ಮಶೀನುಗಳನ್ನು ಬಿಚ್ಚಿ ಮರದ ದೋಣಿಗಳಿಗೆ ತುಂಬಿಸಿ ನದಿಯ ಮೇಲ್ಮುಖವಾಗಿ ಹೊರಟರು. ಸೆಳೆತ ಜೋರಿದ್ದಲ್ಲಿ ದಡದಲ್ಲಿ ನಿಂತು ಹಗ್ಗದಿಂದ ಎಳೆದರು.

ಮೂಲೆಯಲ್ಲಿದ್ದ ತಂಡೇಲರು ಅಷ್ಟರಲ್ಲಿ ಬಾಯಿ ಹಾಕಿದರು. "ಅದು ಆಗುದಿಲ್ಲ. ಲೇತ್ ಎಷ್ಟು ಭಾರ ಅಂತ ಗೊತ್ತುಂಟಾ? ಮರದ ದೋಣಿಯಲ್ಲಿ ಇಟ್ಟು ಹೊಳೆಗೆ ಎದುರು ಎಳೆದ್ರೆ ಮೊದಲ ತಿರುವಿನಲ್ಲೇ ಮಗಚ್ತದೆ. ಯಾರೋ ಕತೆ ಬರೆದಿದ್ದಾರೆ."

ಮಗಳು ಪುಟ ತಿರುಗಿಸಿ ಒಂದು ಮಸುಕು ಫೋಟೋ ಅವರ ಮುಂದೆ ಹಿಡಿದಳು. ತಂಡೇಲರು ಎದ್ದು ಬಂದು, ನನ್ನ ಮೇಜಿನ ಭೂತಗನ್ನಡಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಸರ್ಟಿಫಿಕೇಟು ನೋಡುವಾಗ ನಾನೂ ಅಷ್ಟು ಹೊತ್ತು ನೋಡುವುದಿಲ್ಲ.

"ಎರಡು ದೋಣಿ ಜೋಡಿಸಿದ್ದಾರೆ," ಎಂದರು. "ನಡುವೆ ಅಡ್ಡಕ್ಕೆ ಮರ. ಲೇತಿನ ಭಾರ ಎರಡಕ್ಕೂ ಹಂಚಿ ಹಾಕಿದ್ದಾರೆ. ಹಗ್ಗ ನೋಡಿ ಬಾಯಮ್ಮ, ಒಂದು ಸುತ್ತು ಸಡಿಲ ಬಿಟ್ಟಿದ್ದಾರೆ. ದೋಣಿ ಎರಡು ಒಟ್ಟಿಗೆ ಏಳುದಿಲ್ಲ, ಬಿಗಿ ಕಟ್ಟಿದ್ರೆ ಹಗ್ಗ ತುಂಡಾಗ್ತದೆ. ಇದು ಗೊತ್ತಿದ್ದವ ಕಟ್ಟಿದ್ದು. ಸುಳ್ಳು ಹೇಳುವವನಿಗೆ ಇಷ್ಟು ತಿಳಿಯುದಿಲ್ಲ."

ಭೂತಗನ್ನಡಿ ಇಟ್ಟು ಮಗಳ ಪಕ್ಕದ ಕುರ್ಚಿಯಲ್ಲಿ ಕೂತರು, ಈ ಸಲ ಪೂರ್ತಿ ಕೂತರು. "ಮತ್ತೆ? ಎಲ್ಲಿಗೆ ಹೋದ್ರು?"

ಬೆಟ್ಟದ ಮೇಲಿನ ಒಂದು ದೇವಸ್ಥಾನಕ್ಕೆ. ಅಂಗಳದಲ್ಲಿ ಲೇತ್ ನಿಲ್ಲಿಸಿದರು, ಧಾನ್ಯದ ಕಣಜದಲ್ಲಿ ಪಾಠ ಮಾಡಿದರು, ಎಣ್ಣೆದೀಪದಲ್ಲಿ ಹಡಗಿನ ನಕ್ಷೆ ಬರೆದರು. ಸಮುದ್ರದಿಂದ ಅಷ್ಟು ದೂರ ಕೂತು ಹಡಗಿನ ಪಾಠ! ಯುದ್ಧ ಮುಗಿದು ವಾಪಸು ಬಂದರೆ, ಹೊಸ ಸರ್ಕಾರ ಇಡೀ ದೇಶದ ಕಾಲೇಜುಗಳನ್ನು ಬಿಚ್ಚಿ ಹೊಸದಾಗಿ ಹಂಚಿತು. ಇವರ ಸಿವಿಲ್ ವಿಭಾಗ ಒಂದು ಊರಿಗೆ, ಯಂತ್ರಗಳ ವಿಭಾಗ ಇನ್ನೊಂದು ಊರಿಗೆ. ಹಡಗಿನ ವಿಭಾಗ ಮಾತ್ರ ನದಿಯ ಬದಿಯಲ್ಲಿ ಬೇರೆ ಹೆಸರಿನಲ್ಲಿ ಒಂಟಿಯಾಗಿ ನಿಂತಿತು. ಅದೇ ಇವಳು ಓದಿದ ಕಾಲೇಜು.

ಮತ್ತೆ ಪಾಠವೇ ನಿಂತ ವರ್ಷಗಳು ಬಂದವು. ಮೇಷ್ಟ್ರುಗಳನ್ನು ಗದ್ದೆಯ ಕೆಲಸಕ್ಕೆ ಕಳುಹಿಸಿದರು. ಹಡಗಿನ ಸಣ್ಣ ಮಾದರಿಗಳನ್ನು ನೀರಿನಲ್ಲಿ ಎಳೆದು ಪರೀಕ್ಷೆ ಮಾಡುವ ಉದ್ದದ ತೊಟ್ಟಿ ಒಂದಿತ್ತು, ಅದು ಒಣಗಿತು. ಆದರೆ ಅದರ ಒಬ್ಬ ಮೆಕ್ಯಾನಿಕ್ ಯಾರೂ ಹೇಳದೆ ವಾರಕ್ಕೊಮ್ಮೆ ಬಂದು ತೊಟ್ಟಿಯ ಮೇಲಿನ ಹಳಿಗಳಿಗೆ ಎಣ್ಣೆ ಹಚ್ಚಿ ಹೋಗುತ್ತಿದ್ದ. ಪರೀಕ್ಷೆಗಳು ಮತ್ತೆ ಶುರುವಾದಾಗ ತೊಟ್ಟಿಗೆ ನೀರು ಬಿಟ್ಟರು, ಹಳಿ ಮೊದಲ ದಿನವೇ ಓಡಿತು. ಅದೇ ತೊಟ್ಟಿಯಲ್ಲಿ ಹುಡುಗಿಯೂ ತನ್ನ ಮಾದರಿ ಎಳೆದಿದ್ದಳು. ನಿಜ ಹೇಳುತ್ತೇನೆ, ನನಗೆ ಆ ಮೆಕ್ಯಾನಿಕ್ಕಿನ ಕಾಲಿಗೆ ಬೀಳಬೇಕೆನಿಸಿತು.

ಎರಡನೆಯ ದಿನದ ಸಂಜೆ ನನ್ನ ಟಿಪ್ಪಣಿ ನೋಡುತ್ತಿದ್ದಾಗ ತಪ್ಪು ಹೊಳೆಯಿತು. ನಾನು ಇದನ್ನು ಎರಡು ಹೆಸರಿನ ಒಬ್ಬ ಮನುಷ್ಯ ಎಂದುಕೊಂಡಿದ್ದೆ. ಇದು ಪಾಲಾಗಿ ಮತ್ತೆ ಒಟ್ಟಾದ ಒಂದು ಕುಟುಂಬ. ನದಿಬದಿಯ ಆ ಮೂಲ ಕಾಲೇಜು ತಾಯಿ. ಸಿವಿಲ್, ಯಂತ್ರ, ಹಡಗು ಮೂರೂ ಬೇರೆ ಮನೆ ಮಾಡಿದ ಮಕ್ಕಳು. ಹುಡುಗಿ ಪದವಿ ಪಡೆದ ಮೇಲೆ ಆ ಮೂರೂ ಸೇರಿ ಒಂದೇ ವಿಶ್ವವಿದ್ಯಾಲಯವಾದವು. ಇದಕ್ಕೆ ಬೇಕಾದ್ದು ಅಫಿಡವಿಟ್ ಅಲ್ಲ, ವಂಶವೃಕ್ಷ. ಜಾಗದ ಪಹಣಿ ಬದಲಾಯಿಸಲು ಗ್ರಾಮಕರಣಿಕರ ಹತ್ತಿರ ನಾವು ಮಾಡಿಸುತ್ತೇವಲ್ಲ, ಯಾರಿಂದ ಯಾರು, ಯಾವಾಗ ಪಾಲು, ಈಗ ಹಕ್ಕು ಯಾರದು ಎಂದು ತೋರಿಸುವ ಪಟ್ಟಿ, ಅದೇ. ಒಂದೇ ಹಾಳೆಯಲ್ಲಿ ಗೆರೆ ಎಳೆದು ಬರೆದೆ. ಪ್ರತಿ ಗೆರೆಯ ಪಕ್ಕದಲ್ಲಿ ಪುಸ್ತಕದ ಪುಟಸಂಖ್ಯೆ. ಕೊನೆಯ ಗೆರೆಗೆ ಮಾತ್ರ ಪುಟ ಇರಲಿಲ್ಲ. ಮೂರು ಕಾಲೇಜು ಸೇರಿದ್ದು ಪುಸ್ತಕ ಅಚ್ಚಾದ ಮೇಲೆ. ಅದನ್ನು ಅಲ್ಲಿಯವರೇ ಹೇಳಬೇಕು, ಅಲ್ಲಿಯವರೆಲ್ಲ ರಜೆಯಲ್ಲಿದ್ದಾರೆ ಎಂದೆ.

"ಎಲ್ಲರೂ ಅಲ್ಲ," ಎಂದಳು ಹುಡುಗಿ ಇದ್ದಕ್ಕಿದ್ದಂತೆ.

ಪುಸ್ತಕದಲ್ಲೇ ಇತ್ತು, ನಾವು ಬೇಗ ಓದಿ ದಾಟಿದ್ದೆವು. ಯುದ್ಧದ ಪ್ರಯಾಣದಲ್ಲಿ ವಿದ್ಯಾರ್ಥಿಗಳ ಹೆಸರಿನ ರಿಜಿಸ್ಟರುಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಅದರ ಪಕ್ಕ ಯಾವಾಗಲೂ ಒಬ್ಬರು ಕೂತಿರಬೇಕು ಎಂದು ನಿಯಮ ಮಾಡಿದ್ದರು. ಮಶೀನು ಹೋದರೆ ಇನ್ನೊಂದು ತರಬಹುದು, ಯಾರು ಏನು ಕಲಿತರು ಎಂಬ ದಾಖಲೆ ಹೋದರೆ ಬಾರದು ಎಂದು. ಅಂದಿನಿಂದ ರಿಜಿಸ್ಟರ್ ಕೋಣೆಯಲ್ಲಿ ವರ್ಷದ ಎಲ್ಲ ದಿನವೂ ಹಗಲು ಒಬ್ಬರು ಇದ್ದೇ ಇರುತ್ತಾರೆ. ಹೊಸ ವರ್ಷದಂದು ಊರಿಗೆ ಹೋಗಲಾಗದ ವಿದ್ಯಾರ್ಥಿಗಳು ಅವರಿಗೆ ಊಟ ತೆಗೆದುಕೊಂಡು ಹೋಗುವುದು ಅಲ್ಲಿನ ಪದ್ಧತಿ.

"ನಾನೇ ಒಮ್ಮೆ ಹೋಗಿದ್ದೇನೆ ಆಂಟಿ. ಕಡುಬಿನ ಹಾಗಿನ ತಿಂಡಿ ಮಾಡ್ತಾರೆ, ಅದು ತಗೊಂಡು. ಈಗಲೂ ಅಲ್ಲಿ ಒಬ್ಬರು ಕೂತಿರ್ತಾರೆ. ಪಕ್ಕಾ."

"ನಂಬರ್ ಉಂಟಾ?"

ಪುಸ್ತಕದ ಕೊನೆಯ ಪುಟದಲ್ಲಿತ್ತು. ಮರುದಿನ ಬೆಳಿಗ್ಗೆ, ಅಲ್ಲಿ ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ ಎಂದು ನೋಡಿಕೊಂಡು, ಕರೆ ಮಾಡಿದೆವು. ಈ ನಂಬರು ಅಸ್ತಿತ್ವದಲ್ಲಿಲ್ಲ ಎಂದಿತು ರೆಕಾರ್ಡು. ಅದೇ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಆದರೆ ನಂಬರು ನೋಡಿದೆ: ಏಳು ಅಂಕಿ. ಆ ಊರಿನ ಈಗಿನ ನಂಬರುಗಳೆಲ್ಲ ಎಂಟು ಅಂಕಿಯವು. ನಮ್ಮ ಮಂಗಳೂರಿನಲ್ಲೂ ಆರು ಅಂಕಿಯ ಫೋನುಗಳಿಗೆ ಒಂದು ದಿನ ಮುಂದೆ ಎರಡು ಸೇರಿಸಿ ಏಳು ಮಾಡಿರಲಿಲ್ಲವೇ! ಅಲ್ಲಿ ಯಾವ ಅಂಕಿ ಸೇರಿಸಿದರೋ ಗೊತ್ತಿಲ್ಲ, ಒಂದೊಂದೇ ನೋಡುವ ಎಂದೆ. ಎರಡು ಹಾಕಿದಾಗ ಒಬ್ಬ ಅಜ್ಜಿ ಎತ್ತಿಕೊಂಡರು. ಹುಡುಗಿ ಹೊಸ ವರ್ಷದ ಶುಭಾಶಯ ಹೇಳಿ ಕ್ಷಮೆ ಕೇಳಿದಳು. ಅಜ್ಜಿ ಬಿಡಬೇಕಲ್ಲ, ಮದುವೆ ಆಯಿತಾ ಎಂದು ಕೇಳಿದರಂತೆ. ಆರು ಹಾಕಿದಾಗ ಟಯರಿನ ಅಂಗಡಿ. ಎಂಟು ಹಾಕಿದಾಗ ಎರಡನೆಯ ರಿಂಗಿಗೆ ಒಬ್ಬ ವಯಸ್ಸಾದ ಗಂಡಸಿನ ದನಿ.

ಹುಡುಗಿ ಸೆಟೆದು ಕೂತಳು. "ರಿಜಿಸ್ಟರ್ ಕೋಣೆ," ಎಂದು ನಮಗೆ ಪಿಸುಗುಟ್ಟಿದಳು.

ಅವರು ಹೆಸರು ಕೇಳಲಿಲ್ಲ, ಕತೆ ಕೇಳಲಿಲ್ಲ. ವಿದ್ಯಾರ್ಥಿ ಸಂಖ್ಯೆ ಎಷ್ಟು ಎಂದರು. ಅವಳು ಬಾಯಿಪಾಠ ಹೇಳಿದಳು. ಕಾಯಿರಿ ಎಂದು ರಿಸೀವರ್ ಮೇಜಿನ ಮೇಲಿಟ್ಟು ಹೋದರು. ಸ್ಪೀಕರಿನಲ್ಲಿ ಹೆಜ್ಜೆಯ ಸದ್ದು, ಕಬ್ಬಿಣದ ಕಪಾಟು ತೆರೆದ ಸದ್ದು ಕೇಳಿಸಿತು. ನಾವು ಮೂವರೂ ಫೋನನ್ನೇ ನೋಡುತ್ತಿದ್ದೆವು. ಕೆಳಗೆ ರಸ್ತೆಯಲ್ಲಿ ಸಿಟಿಬಸ್ಸು ಹಾರ್ನ್ ಹಾಕಿದರೆ ನನಗೆ ಕೊಲ್ಲುವಷ್ಟು ಸಿಟ್ಟು. ಹತ್ತು ನಿಮಿಷ ಕಳೆದು ಹೆಜ್ಜೆ ವಾಪಸು ಬಂತು.

ಅವರು ಹೇಳಿದ್ದು ಒಂದೇ ಮಾತು. ಹುಡುಗಿ ಅದನ್ನು ನಮಗೆ ಮುಖ ಮುಚ್ಚಿಕೊಂಡೇ ಹೇಳಿದಳು: "ನೀವು ಇಲ್ಲಿದ್ದೀರಿ ಅಂದ್ರು."

ಆದರೆ ಕೆಲಸ ಅಷ್ಟಕ್ಕೆ ಮುಗಿಯಲಿಲ್ಲ. ವಿದ್ಯಾರ್ಥಿಗೆ ಅವರು ಪತ್ರ ಕೊಡುವುದಿಲ್ಲ. ಸಂಸ್ಥೆ ಕೇಳಿದರೆ ಸಂಸ್ಥೆಗೆ ಉತ್ತರ. ಅದಕ್ಕೂ ಕೆಂಪು ಮೊಹರು ಬೇಕು, ಮೊಹರು ತಿಜೋರಿಯಲ್ಲಿದೆ, ತಿಜೋರಿ ತೆರೆಯುವುದು ರಜೆ ಮುಗಿದ ದಿನ. ಒಂದು ಫೋಟೋ ಆದರೂ ಕಳುಹಿಸಿ ಎಂದು ಅವಳು ಅಂಗಲಾಚಿದಳು. ಇಲ್ಲ. ಇವತ್ತಿನ ಡ್ಯೂಟಿ ಪುಸ್ತಕದಲ್ಲಿ ನಿಮ್ಮ ಕರೆಯನ್ನು ಬರೆದುಕೊಂಡಿದ್ದೇನೆ, ಇದು ಅದರ ಕ್ರಮಸಂಖ್ಯೆ, ಇದು ನಮ್ಮ ಇಮೇಲ್, ಕೇಳಬೇಕಾದವರು ಕೇಳಲಿ ಎಂದು ಹೇಳಿ ಇಟ್ಟರು.

"ಎಂತ ಮನುಷ್ಯ ಮಾರಾಯ್ರೆ ಇವ!" ಎಂದು ನಾನು ಮೇಜು ಗುದ್ದಿದೆ.

ತಂಡೇಲರು ನಿಧಾನಕ್ಕೆ ಹೇಳಿದರು, "ಅವ ಸರಿ ಬಾಯಮ್ಮ. ಫೋನಿನಲ್ಲಿ ಅತ್ತವರಿಗೆಲ್ಲ ಕಾಗದ ಕೊಟ್ರೆ ಆ ಕಾಗದಕ್ಕೆ ಎಂತ ಬೆಲೆ?"

ಆ ಮುದುಕ ನಮ್ಮನ್ನು ನಂಬಲೂ ಇಲ್ಲ, ಅನುಮಾನಿಸಲೂ ಇಲ್ಲ. ಎದ್ದು ಹೋಗಿ ನೋಡಿದ. ನಾನು ಮೊದಲ ದಿನ ಅನುಮಾನಿಸಿದೆ, ನಾಲ್ಕನೆಯ ದಿನ ನೋಡದೆಯೇ ಪ್ರಮಾಣ ಮಾಡಿಸಿದೆ. ಇಷ್ಟು ವರ್ಷದ ಅನುಭವ ಎಂದು ಬೀಗುತ್ತಿದ್ದದ್ದು ಇದೇನಾ ಎನಿಸಿತು.

ಗಡುವಿಗೆ ಐದೇ ದಿನ ಇತ್ತು. ಆಗ ನಾನು ಮಾಡಿದ ತೀರ್ಮಾನ ನನ್ನ ಕಸುಬಿನಲ್ಲಿ ಯಾರೂ ಮಾಡುವುದಿಲ್ಲ: ಕಳುಹಿಸಿದ ದಾಖಲೆಯನ್ನು ಹಿಂದೆ ತೆಗೆದುಕೊಳ್ಳುವುದು. ಅಫಿಡವಿಟ್ ತಪ್ಪು, ಅದು ನನ್ನ ಸಲಹೆಯಿಂದ ಆದದ್ದು, ಅಭ್ಯರ್ಥಿಯ ಮನಸ್ಸಿನಲ್ಲಿ ಮೋಸ ಇರಲಿಲ್ಲ, ಅದನ್ನು ಹಿಂಪಡೆಯುತ್ತೇವೆ ಎಂದು ನನ್ನ ಹೆಸರು, ಸಹಿ ಹಾಕಿ ಆ ಕಂಪನಿಗೆ ಬರೆದೆ. ಇಂಥ ಪತ್ರ ಒಂದು ಹೋದರೆ ಆ ಕಂಪನಿಯಲ್ಲಿ ನನ್ನ ಇತರ ಕಡತಗಳನ್ನೂ ಎರಡೆರಡು ಸಲ ನೋಡುತ್ತಾರೆಂದು ಗೊತ್ತಿತ್ತು. ಜತೆಗೆ ವಂಶವೃಕ್ಷದ ಹಾಳೆ, ಪುಟಗಳ ಪ್ರತಿ, ರಿಜಿಸ್ಟರ್ ಕೋಣೆಯ ವಿಳಾಸ ಮತ್ತು ಡ್ಯೂಟಿ ಪುಸ್ತಕದ ಕ್ರಮಸಂಖ್ಯೆ. ನೀವೇ ನೇರ ಕೇಳಿ, ಅವರು ನಮಗೆ ಉತ್ತರ ಕೊಡುವುದಿಲ್ಲ, ಕೊಡಬಾರದು ಕೂಡ ಎಂದು ಮುಗಿಸಿದೆ. ಕೊನೆಯ ವಾಕ್ಯ ಹುಡುಗಿ ಎರಡು ಸಲ ಓದಿದಳು. ಬೇಡ ಎನ್ನಲಿಲ್ಲ.

ಮರುದಿನ ಕಂಪನಿಯಿಂದ ಬಂದ ಉತ್ತರದಲ್ಲಿ ಮೊದಲ ಸಲ ಒಬ್ಬ ಅಧಿಕಾರಿಯ ಹೆಸರಿತ್ತು. ಇಂಥ ಪಟ್ಟಿ ನಮಗೆ ಯಾರೂ ಕೊಟ್ಟಿರಲಿಲ್ಲ, ವಿಶ್ವವಿದ್ಯಾಲಯಕ್ಕೆ ಬರೆದಿದ್ದೇವೆ, ಹತ್ತು ದಿನ ಹೆಚ್ಚಿಗೆ ಕೊಡುತ್ತೇವೆ, ಇನ್ನೊಮ್ಮೆ ಇಲ್ಲ ಎಂದಿದ್ದರು. ಮತ್ತೆ ಕಾಯುವುದು. ಹುಡುಗಿ ಯಾರ್ಡಿಗೆ ಹೋದಳು, ತಂಡೇಲರು ಕಡಲಿಗೆ ಹೋದರು. ನಾನು ಬೇರೆಯ ಕಡತ ತೆರೆದರೂ ಕಣ್ಣು ಕ್ಯಾಲೆಂಡರಿಗೇ ಹೋಗುತ್ತಿತ್ತು.

ಅಲ್ಲಿ ರಜೆ ಮುಗಿದ ದಿನ, ನಾನು ಕಚೇರಿಯ ಬೀಗ ತೆಗೆಯುವಾಗಲೇ ಪತ್ರ ಬಂದಾಗಿತ್ತು. ಬಾಗಿಲು ತೆರೆದ ಕೂಡಲೇ ಅವರು ಮಾಡಿದ ಮೊದಲ ಕೆಲಸ ಇದೇ ಇರಬೇಕು. ಕಂಪನಿಗೆ ಬರೆದದ್ದು, ಹುಡುಗಿಗೆ ಪ್ರತಿ. ಮೂರು ಕಾಲೇಜು ಸೇರಿದ ಆದೇಶ, ಅವಳ ಪದವಿಯ ದೃಢೀಕರಣ, ರಿಜಿಸ್ಟರಿನ ಆ ಪುಟದ ಪ್ರತಿ. ಪ್ರತಿ ಹಾಳೆಗೂ ದುಂಡಗಿನ ಕೆಂಪು ಮೊಹರು. ಸಂಜೆಯೊಳಗೆ ಕಂಪನಿಯ ಎರಡು ಸಾಲು: ದಾಖಲೆ ಅಸಲಿ, ಸಂಸ್ಥೆ ಮಾನ್ಯ. ನೇಮಕಾತಿ ಮುಂದುವರಿಯುತ್ತದೆ ಎಂದು ಶಿಪ್‌ಯಾರ್ಡು ಬೇರೆ ಬರೆಯಿತು. ನಾನು ಆ ಕೋಣೆಯಲ್ಲಿ ಒಬ್ಬಳೇ ಕೂತು ಚೆನ್ನಾಗಿ ಅತ್ತೆ.

ಮರುದಿನ ತಂದೆ ಮಗಳು ಫೆರಿ ಇಳಿದು ನೇರ ಬಂದರು. ರಿಜಿಸ್ಟರಿನ ಪುಟವನ್ನು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಹರಡಿದ್ದೆ. ಹುಡುಗಿ ತನ್ನ ಸಾಲನ್ನು ಬೆರಳಿಟ್ಟು ಓದಿದಳು: ಸಂಖ್ಯೆ, ಹೆಸರು, ತಂದೆಯ ಉದ್ಯೋಗ ದೋಣಿ ನಡೆಸುವುದು, ಊರು ಬೆಂಗ್ರೆ.

"ಮಂಗಳೂರು ಅಂತ ಹಾಕ್ಲಿಲ್ವಾ?" ಎಂದರು ತಂಡೇಲರು.

"ಹಾಕಿದ್ದೆ ಪಪ್ಪ. ಮಂಗಳೂರಿನಲ್ಲಿ ಎಲ್ಲಿ ಅಂತ ಕೇಳಿದ್ರು. ಬೆಂಗ್ರೆ ಅಂದೆ. ಹಾಗಾದ್ರೆ ಬೆಂಗ್ರೆಯೇ ಬರೀಬೇಕು ಅಂದ್ರು."

ಬೆಂಗ್ರೆ ಯಾವುದು ತೋರಿಸು ಎಂದರು. ತೋರಿಸಿದಳು. ಅವರು ಆ ಎರಡು ಅಕ್ಷರಗಳ ಮೇಲೆ ಕೈಯಿಟ್ಟು, ಮಗಳ ಮುಖ ನೋಡದೆಯೇ ಹೇಳಿದರು: "ನಾನು ಬಾಯಮ್ಮನತ್ರ ಒಂದು ಸಲ ಕೇಳಿದ್ದೆ ಮಗಾ, ನಿನ್ನ ಸರ್ಟಿಫಿಕೇಟು ಒಳ್ಳೇದಾ ಅಂತ."

"ಗೊತ್ತು ಪಪ್ಪ," ಎಂದಳು ಅವಳು.

ಆ ಸಾಲಿನ ಕೊನೆಯ ಅಂಕಣ ಖಾಲಿ ಇತ್ತು. ಪತ್ರದ ಅಡಿಯಲ್ಲಿ ಅದಕ್ಕಾಗಿಯೇ ಒಂದು ವಾಕ್ಯ ಸೇರಿಸಿದ್ದರು: ಈ ವಿದ್ಯಾರ್ಥಿನಿಯ ಈಗಿನ ಕೆಲಸ ನಮ್ಮಲ್ಲಿ ದಾಖಲಾಗಿಲ್ಲ, ತಿಳಿಸಿದರೆ ಬರೆದುಕೊಳ್ಳುತ್ತೇವೆ.

"ಈಗಲೇ ಬರಿ, ಶಿಪ್‌ಯಾರ್ಡಿನ ಹೆಸರು ದೊಡ್ಡ ಅಕ್ಷರದಲ್ಲಿ," ಎಂದೆ ನಾನು.

ಅವಳು ನನ್ನ ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡಿ ನಮಗೆ ಓದಿ ಹೇಳಿದಳು: ಬೆಂಗ್ರೆ ಯಾರ್ಡ್, ಮೀನುಗಾರಿಕೆ ಬೋಟುಗಳ ವಿನ್ಯಾಸ ಮತ್ತು ರಿಪೇರಿ.

"ಎಂತ ಮಗಾ, ಗಲ್ಫಿನದ್ದು ಹಾಕುದಿಲ್ವಾ?"

"ಅಲ್ಲಿ ಇನ್ನೂ ಸೇರ್ಲಿಲ್ಲ ಅಲ್ವಾ ಆಂಟಿ. ಸೇರಿದ ದಿನ ಬರೀತೇನೆ. ಆ ಪುಸ್ತಕಕ್ಕೆ ಆಗದೇ ಇದ್ದದ್ದು ಬರೆದು ಕಳಿಸ್ಲಿಕ್ಕೆ ಆಗುದಿಲ್ಲ." ಕೀಬೋರ್ಡಿನಿಂದ ಕೈ ತೆಗೆದು ತಂದೆಯ ಕಡೆ ತಿರುಗಿದಳು. "ಎಷ್ಟು ಬೋಟು ಅಂತಲೂ ಹಾಕುವ. ನಾನು ಚಿತ್ರ ಮಾಡಿದ್ದು ಈಗ ಎಷ್ಟಾಯ್ತು ಪಪ್ಪ? ಯಾರ್ಡಿಗೆ ಫೋನ್ ಮಾಡಿ ಕೇಳ್ಬೇಕು."

"ಯಾರ್ಡಿಗೆ ಯಾಕೆ?" ಎಂದರು ತಂಡೇಲರು. ಕಣ್ಣು ಮುಚ್ಚಿ, ಬೆರಳು ಮಡಚುತ್ತಾ, ನೀರಿಗಿಳಿದ ಕ್ರಮದಲ್ಲೇ ಒಂದೊಂದು ಬೋಟಿನ ಹೆಸರು ಹೇಳತೊಡಗಿದರು.